ಕಪ್ಪೆ ಹೊರಬಂದ ಮೇಲೂ ಉಳಿಯುವ ಕತೆ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದು, ಜಾವಗಲ್ ದಾರಿಯಲ್ಲಿ ಹಳೇಬೀಡು ನೋಡಿಕೊಂಡು ಬೇಲೂರಿಗೆ ಹೋದವರಿಗೆ ಅಲ್ಲಿ ಕಪ್ಪೆ ಚೆನ್ನಿಗರಾಯನ ಕತೆ ಕೇಳದೆ ಬರಲು ಆಗುವುದಿಲ್ಲ. ಕೇಳುವವರಲ್ಲಿ ಬಹಳ ಮಂದಿಗೆ ಅದು ಮೊದಲೇ ಗೊತ್ತು. ಆದರೂ 'ಗೊತ್ತು ಬಿಡಿ' ಎಂದು ಯಾರೂ ಮುಂದೆ ಹೋಗುವುದಿಲ್ಲ. ಪತ್ತೇದಾರಿ ಸಾಹಿತ್ಯದಲ್ಲಿ ಕಥಾವಸ್ತು ದೊಡ್ಡದೋ ಪಾತ್ರ ದೊಡ್ಡದೋ ಎಂಬ ಹಳೆಯ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ.

ಈ ಐತಿಹ್ಯದ ಕಟ್ಟು ಪಕ್ಕಾ ಪತ್ತೇದಾರಿ ಕತೆಯದು. ಎಲ್ಲಿಂದಲೋ ಬಂದ ಹುಡುಗ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ತೊಡುತ್ತಾನೆ. ಮೈಗೆಲ್ಲ ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗುವುದಿಲ್ಲ. ಅದೇ ಸುಳಿವು. ಉಳಿ ತಾಗಿದೊಡನೆ ನೀರಿನ ಜೊತೆ ಕಪ್ಪೆ ಹೊರಬರುತ್ತದೆ. ಆ ಹುಡುಗ ಡಂಕಣ ತನ್ನ ಮಗನೇ ಎಂಬುದು ಎರಡನೆಯ ರಹಸ್ಯ.

ಕತೆಯ ಸತ್ವವೆಲ್ಲ ಕಪ್ಪೆಯಲ್ಲೇ ಇದ್ದಿದ್ದರೆ ಒಮ್ಮೆ ಕೇಳಿದ ಮೇಲೆ ಅದು ಮುಗಿಯಬೇಕಿತ್ತು. ಮುಗಿದಿಲ್ಲ. 1964ರಲ್ಲಿ ಬಿ.ಎಸ್. ರಂಗಾ 'ಅಮರಶಿಲ್ಪಿ ಜಕಣಾಚಾರಿ' ತೆಗೆದಾಗ, ಕೊನೆಗೆ ಏನಾಗುತ್ತದೆಂದು ತಿಳಿದವರೇ ಸಿನಿಮಾ ನೋಡಲು ಹೋದರು. ನಮ್ಮನ್ನು ಹಿಡಿದಿಡುವುದು ಆ ಪಣ. ತನ್ನ ಕೆಲಸದಲ್ಲಿ ತಪ್ಪೇ ಇರಲಾರದೆಂಬ ಹೆಮ್ಮೆ ಇಲ್ಲದಿದ್ದರೆ ಅಂಥ ಮಾತು ಬಾಯಿಂದ ಬರುತ್ತಿರಲಿಲ್ಲ. ಪಣ ಬಿಟ್ಟು ಕತೆ ಹೇಳಿ ನೋಡಿ, ಉಳಿಯುವುದು ಒಂದು ಕೆಟ್ಟ ಕಲ್ಲು, ಅಷ್ಟೆ.

ಇತಿಹಾಸಕಾರರಲ್ಲಿ ಹೆಚ್ಚಿನವರಿಗೆ ಜಕಣಾಚಾರಿ ಐತಿಹ್ಯದ ವ್ಯಕ್ತಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ. ನಿಜವಾದ ಅಪ್ಪ ಮಗ ಇವರು. ಆದರೆ ಜನ ನೆನಪಿಟ್ಟಿರುವುದು ಜಕಣ ಡಂಕಣರನ್ನು. ದಾಸೋಜ ಚಾವಣರ ಹೆಸರು ನಮಗೆ ಸಿಕ್ಕಿದೆ, ಸ್ವಭಾವ ಸಿಕ್ಕಿಲ್ಲ.

ಹಾಗೆಂದು ಕಥಾವಸ್ತುವನ್ನು ಹಗುರವಾಗಿ ಕಾಣಬೇಕಿಲ್ಲ. ಅರಿಸ್ಟಾಟಲ್ ದುರಂತ ನಾಟಕದಲ್ಲಿ ಅದಕ್ಕೇ ಮೊದಲ ಸ್ಥಾನ ಕೊಟ್ಟ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಷ್ಟೋ ಕನ್ನಡಿಗರಿಗೆ ಓದುವ ರುಚಿ ಹತ್ತಿಸಿದ್ದು 'ಮುಂದೇನು' ಎಂಬ ಕುತೂಹಲದಿಂದಲೇ. ಆ ಕಾದಂಬರಿಗಳನ್ನು ಕೀಳಾಗಿ ಕಾಣುವ ವಿಮರ್ಶೆಗೆ ಓದುಗನ ಹಸಿವು ಅರ್ಥವಾಗಿಲ್ಲ. ಬೇಲೂರಿನ ಕತೆಯಲ್ಲೂ ಗಂಧ ಒಣಗದ ಆ ಗಳಿಗೆ ಇಲ್ಲದಿದ್ದರೆ ಜಕಣನ ಹೆಮ್ಮೆ ಬರಿಯ ಮಾತಾಗಿ ಉಳಿಯುತ್ತಿತ್ತು.

ಇದೇ ಹಸಿವನ್ನು ತೇಜಸ್ವಿ 'ಚಿದಂಬರ ರಹಸ್ಯ'ದಲ್ಲಿ (1985) ಬಳಸಿಕೊಂಡರು. ಏಲಕ್ಕಿ ಸಂಶೋಧಕ ಜೋಗಿಹಾಳರ ಸಾವಿನ ಬೆನ್ನು ಹತ್ತಿ ಅಂಗಡಿ ಕೆಸರೂರಿಗೆ ಬರುತ್ತಾನೆ. ನಾವೂ ಅವನ ಹಿಂದೆ ಹೋಗಿ, ಕೊಂದವರು ಯಾರು ಎಂಬುದಕ್ಕಿಂತ ಊರಿನವರ ಮೂಢತನ, ಅಸೂಯೆ, ಪ್ರೀತಿಗಳಲ್ಲಿ ಸಿಕ್ಕಿಕೊಳ್ಳುತ್ತೇವೆ. ಕೊನೆಗೆ ಎಲ್ಲವನ್ನೂ ಕವಿಯುವ ಬೆಂಕಿ ಹೊರಗಿನಿಂದ ಬಂದದ್ದೆಂದು ನಮಗೆ ಅನಿಸುವುದೇ ಇಲ್ಲ.

ಪತ್ತೇದಾರಿ ಕತೆ ಬರೆಯಲು ಹೊರಟ ಗೆಳೆಯರು ಕೊನೆಯ ತಿರುವಿಗಾಗಿ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ತಿರುವು ಬೇಕು. ಆದರೆ ಅದಕ್ಕೂ ಮೊದಲು, ಗುಟ್ಟು ಬಯಲಾದರೆ ಯಾರು ಏನನ್ನು ಕಳೆದುಕೊಳ್ಳುತ್ತಾರೆ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದಿದ್ದರೆ ಕಪ್ಪೆ ಹೊರಬಂದ ಕೂಡಲೆ ಓದುಗನೂ ಎದ್ದು ಹೋಗುತ್ತಾನೆ.