ನಸುಕಿನ ನಾಲ್ಕು ತಾಸು

ಮೀಡಿಯಂ ವೇವ್ ಕೇಳಿ ಬೆಳೆದ ಹುಬ್ಬಳ್ಳಿ-ಧಾರವಾಡದವರಿಗೆ ಈ ಸಂಗತಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಹಗಲಿಡೀ 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿಯದೇ ರಾಜ್ಯಭಾರ. ಕತ್ತಲಾದರೆ ಮುಳ್ಳು ತಿರುಗಿಸಿದಲ್ಲೆಲ್ಲ ಪರಊರಿನ ನಿಲಯಗಳು. ನೆಲದಿಂದ ಅರವತ್ತು-ತೊಂಬತ್ತು ಕಿಲೋಮೀಟರ್ ಮೇಲಿರುವ ‘ಡಿ’ ಪದರ ಬಿಸಿಲಿನಲ್ಲಿ ಇಂಥ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗುತ್ತದೆ. ಅಲೆಗಳು ಇನ್ನೂ ಎತ್ತರದ ಪದರಗಳಿಗೆ ತಾಗಿ ದೂರದೂರಕ್ಕೆ ಇಳಿಯುತ್ತವೆ.

ಆ ಮೀಡಿಯಂ ವೇವ್ ಮುಗಿಯುವಲ್ಲಿಂದ ಸ್ವಲ್ಪ ಮೇಲೆ ರೇಡಿಯೋ ಹವ್ಯಾಸಿಗಳ, ಅಂದರೆ ಹ್ಯಾಮ್‌ಗಳ, 160 ಮೀಟರ್ ಬ್ಯಾಂಡ್ ಇದೆ. ಹ್ಯಾಮ್‌ಗಳು ಇದನ್ನು ‘ಟಾಪ್ ಬ್ಯಾಂಡ್’ ಎನ್ನುತ್ತಾರೆ. ಭಾರತದಲ್ಲಿ ನಮಗೆ ಸಿಕ್ಕಿರುವುದು 1820ರಿಂದ 1860 ಕಿಲೋಹರ್ಟ್ಸ್, ಬರೇ ನಲವತ್ತು ಕಿಲೋಹರ್ಟ್ಸ್ ಜಾಗ. ಇಲ್ಲಿ ಕುಳಿತು ಸುಮಾರು 13,000 ಕಿಲೋಮೀಟರ್ ಆಚೆಗಿನ ಅಮೆರಿಕದ ಪೂರ್ವ ಕರಾವಳಿಯನ್ನು ಮುಟ್ಟಬೇಕೆಂದರೆ ಎರಡೂ ಕಡೆ ಕತ್ತಲಿರಬೇಕು. ಡಿಸೆಂಬರಿನಲ್ಲಿ ಅದು ನಮ್ಮ ನಸುಕಿನ ಮೂರರಿಂದ ಏಳರ ಸುಮಾರಿನ ಸೂರ್ಯೋದಯದವರೆಗೆ, ನಾಲ್ಕು ತಾಸು. ಅದರಲ್ಲೂ ಹೊತ್ತು ಮೂಡುವ ಆಚೀಚೆಯ ಕೆಲವೇ ನಿಮಿಷ ಸಂಕೇತ ಒಮ್ಮೆಲೇ ಏರಿ, ಹಾಗೇ ಬಿದ್ದುಹೋಗುವುದುಂಟು. ದಾರಿ ಬಹಳ ಉತ್ತರದ ಅಕ್ಷಾಂಶಗಳಲ್ಲಿ ಹಾಯುವುದರಿಂದ ಸೂರ್ಯ ಕೆರಳಿದ ದಿನಗಳಲ್ಲಿ ಆ ನಿಮಿಷಗಳೂ ಇಲ್ಲ. ಯುರೋಪು ಇದಕ್ಕಿಂತ ಸುಲಭ, ಸಂಜೆಯ ಜಪಾನ್ ಇನ್ನೂ ಸುಲಭ.

ಹುಬ್ಬಳ್ಳಿಯ ದೇಶಪಾಂಡೆ ನಗರದ ಮಾಳಿಗೆಯ ಮೇಲೆ ನಿಂತವನಿಗೆ ಮೊದಲು ಕಾಣುವ ತೊಡಕು ಎತ್ತರದ್ದು. ಕಾಲು ಅಲೆಯ ಲಂಬ ಆಂಟೆನಾಕ್ಕೆ ಸುಮಾರು ನಲವತ್ತು ಮೀಟರ್ ಬೇಕು. ಮೂರಂತಸ್ತಿನ ಮನೆ ಹತ್ತು ಮೀಟರ್. ಎಂಬತ್ತು ಮೀಟರಿನ ಡೈಪೋಲನ್ನು ಆ ಎತ್ತರದಲ್ಲಿ ಎಳೆದರೆ ಅಲೆ ನೆಟ್ಟಗೆ ಆಕಾಶಕ್ಕೆ ಹೋಗಿ ಬೆಳಗಾವಿ, ಬೆಂಗಳೂರಿನ ಮೇಲೆ ಬೀಳುತ್ತದೆ. ಹಾಗಾಗಿ ಆದಷ್ಟು ಮೇಲಕ್ಕೆ ಏರಿಸಿ ಉಳಿದದ್ದನ್ನು ಅಡ್ಡಕ್ಕೆ ಮಡಚಿದ ‘ಎಲ್’ ಆಕಾರದ ತಂತಿಯೇ ಗತಿ. ಗಿಡ್ಡ ಆಂಟೆನಾದ ವಿಕಿರಣ ರೋಧ ಐದು ಓಮ್, ನೆಲದ ನಷ್ಟ ಇಪ್ಪತ್ತು ಓಮ್ ಎಂದಿಟ್ಟುಕೊಳ್ಳಿ: ನೂರು ವ್ಯಾಟ್ ಕೊಟ್ಟರೆ ಇಪ್ಪತ್ತು ಹೊರಟು, ಎಂಬತ್ತು ಮಣ್ಣು ಕಾಯಿಸುತ್ತದೆ. ನೆಲದ ಮೇಲೆ ಹಾಸುವ ತಾಮ್ರದ ತಂತಿಗಳನ್ನು ಉಳಿತಾಯ ಮಾಡಬಾರದು ಎನ್ನುವುದು ಇದಕ್ಕೇ.

ಆದರೆ ನನ್ನ ಮಟ್ಟಿಗೆ ನಿಜವಾದ ಸವಾಲು ಕಳಿಸುವುದಲ್ಲ, ಕೇಳುವುದು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಮಾಳಿಗೆಯ ಸೋಲಾರ್ ಇನ್ವರ್ಟರ್, ಎಲ್ಲವೂ ಈ ಬ್ಯಾಂಡಿನಲ್ಲಿ ಗುರುಗುಟ್ಟುತ್ತವೆ. ಓಣಿಯ ಕರೆಂಟ್ ಹೋದಾಗ ಹನ್ನೆರಡು ವೋಲ್ಟಿನ ಬ್ಯಾಟರಿಯ ಮೇಲೆ ರಿಸೀವರ್ ಇಟ್ಟವನಿಗಷ್ಟೇ ಆ ಗದ್ದಲದ ಅಡಿಯಲ್ಲಿ ಏನಿತ್ತೆಂದು ತಿಳಿಯುತ್ತದೆ. ಹತ್ತಿರದ ಪ್ರಬಲ ಮೀಡಿಯಂ ವೇವ್ ಕೇಂದ್ರವನ್ನು ತಡೆಯುವ ಫಿಲ್ಟರ್ ಬೇರೆ ಬೇಕು. ದೇಶಪಾಂಡೆ ನಗರ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮನೆ ‘ಗಂಗಾಲಹರಿ’ ಇರುವ ಬಡಾವಣೆ, ಸವಾಯಿ ಗಂಧರ್ವರ ಹೆಸರಿನ ಕಲಾಮಂದಿರ ಇರುವ ಬಡಾವಣೆ. ಮಂದ್ರದಲ್ಲಿ ಸ್ವರ ಎಲ್ಲಿ ನಿಂತಿತೆಂದು ಗುರುತಿಸುವ ಕಿವಿಗೆ, ಗದ್ದಲದೊಳಗಿನ ಮೋರ್ಸ್ ಎಳೆಯನ್ನು ಹಿಡಿಯುವುದೂ ಒಗ್ಗೀತು ಎಂದು ನಾನು ನಂಬಿದ್ದೇನೆ.

ಊರು ಬಿಟ್ಟು ಹೊರಟರೆ ಹುಬ್ಬಳ್ಳಿಯಂಥ ಜಾಗ ವಿರಳ. ಮೂಡಲಿಗೆ ಕುಂದಗೋಳ, ನವಲಗುಂದದ ಎರೆ ಹೊಲ. ಪಡುವಲಿಗೆ ಕಲಘಟಗಿಯತ್ತ ಕೆಂಪು ಮಸಾರಿ. ಹಸಿ ಹಿಡಿದ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಲಂಬ ಆಂಟೆನಾಕ್ಕೆ ಹೇಳಿ ಮಾಡಿಸಿದ ನೆಲ. ಕೇಳಲಿಕ್ಕೆ ಬಳಸುವ ಬೆವರೇಜ್ ಆಂಟೆನಾದ ಗುಣ ಇದಕ್ಕೆ ತಿರುವುಮುರುವು. ಹೆರಾಲ್ಡ್ ಬೆವರೇಜ್ 1920ರ ದಶಕದ ಆರಂಭದಲ್ಲಿ ರೂಪಿಸಿದ ಇದು ಆಳೆತ್ತರದಲ್ಲಿ ನೂರೈವತ್ತು ಮೀಟರ್‌ಗೂ ಉದ್ದಕ್ಕೆ ಎಳೆದ ಸಾದಾ ತಂತಿ, ತುದಿಗೆ ಒಂದು ರೆಸಿಸ್ಟರ್. ಒಣಗಿದ, ವಾಹಕತೆ ಕಡಿಮೆಯಿರುವ ನೆಲದ ಮೇಲೆಯೇ ಇದು ಚೆನ್ನಾಗಿ ಕೇಳುತ್ತದೆ. ಮಸಾರಿ ಹೊಲದ ಬದುವಿನ ಮೇಲೆ ವಾಯವ್ಯಕ್ಕೆ ಎಳೆದರೆ ಯುರೋಪಿಗೆ ಮುಖ, ಡಿಸೆಂಬರಿನಲ್ಲಿ ಇಂಡೋನೇಷ್ಯಾದ ಕಡೆ ಗುಡುಗುವ ಮಳೆಗೆ ಬೆನ್ನು. ಆ ಸಿಡಿಲಿನ ಚಟಪಟ ಎಷ್ಟು ಇಳಿಯುತ್ತದೆ ಎನ್ನುವುದನ್ನು ಕೇಳಿಯೇ ನಂಬಬೇಕು.

2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಕೇಳುವ ಈ ಕಷ್ಟವನ್ನು ಬಹಳಷ್ಟು ಇಳಿಸಿದೆ. ಭೌತವಿಜ್ಞಾನದ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕೆ ಜೊತೆ ರೂಪಿಸಿದ್ದು. ಹದಿನೈದು ಸೆಕೆಂಡಿನ ತುಣುಕುಗಳಲ್ಲಿ, ಕಿವಿಗೆ ಏನೂ ಕೇಳದಿರುವಲ್ಲಿಯೂ ಕಂಪ್ಯೂಟರ್ ಕರೆಸಂಕೇತ ಓದಿಬಿಡುತ್ತದೆ. ಅದರ ಮೇಲೆ ನನಗೆ ಗೌರವವಿದೆ. ಆದರೂ ಹೊಸಬರಿಗೆ ಮೋರ್ಸ್ ಕಲಿಯಿರಿ ಎಂದೇ ಹೇಳುತ್ತೇನೆ, ಏಕೆಂದರೆ ಈ ಬ್ಯಾಂಡಿನ ಏರಿಳಿತ, ಮಿಂಚಿನ ಸದ್ದಿನ ನಡುವಿನ ಬಿಡುವು, ಸೂರ್ಯೋದಯದ ಉಬ್ಬರ ಇವೆಲ್ಲ ಕಿವಿಗೇ ದಕ್ಕುವಂಥವು.

ಕಲಿತವರಿಗೆ ಡಿಸೆಂಬರ್ ಕೊನೆಯಲ್ಲಿ ಸ್ಟ್ಯೂ ಪೆರ‍್ರಿ ಸ್ಪರ್ಧೆ ಇದೆ. ಮ್ಯಾಸಚೂಸೆಟ್ಸ್‌ನ ವಿನ್‌ಥ್ರಾಪ್ ಊರಿನವರಾದ ಪೆರ‍್ರಿ ಈ ಬ್ಯಾಂಡಿನ ದೂರಸಂಪರ್ಕಕ್ಕೆ ದಾರಿ ತೆರೆದವರು. ಅವರ ಹೆಸರಿನ ಸ್ಪರ್ಧೆ ದೇಶಗಳನ್ನು ಎಣಿಸುವುದಿಲ್ಲ, ದೂರವನ್ನು ಅಳೆಯುತ್ತದೆ: ಐನೂರು ಕಿಲೋಮೀಟರಿಗೆ ಒಂದರಂತೆ ಅಂಕ. ನೆರೆಯವನಿಗೆ ಒಂದೇ ಅಂಕವಾದರೆ ಅಮೆರಿಕದ ಪೂರ್ವ ಕರಾವಳಿಗೆ ಇಪ್ಪತ್ತಾರರ ಆಸುಪಾಸು. ಹೇಳಬೇಕಾದದ್ದು ಕರೆಸಂಕೇತ ಮತ್ತು ಭೂಪಟದಲ್ಲಿ ನಾವು ನಿಂತ ಗ್ರಿಡ್ ಚೌಕ ಮಾತ್ರ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗದಗ ಎಲ್ಲವೂ ಎಂಕೆ75. ನಮ್ಮ ಗಡಿಯಾರದಲ್ಲಿ ಶನಿವಾರ ರಾತ್ರಿ ಎಂಟೂವರೆಗೆ ಶುರುವಾಗಿ ಭಾನುವಾರದ ಅದೇ ಹೊತ್ತಿಗೆ ಮುಗಿಯುತ್ತದೆ. ಹೊಲದಲ್ಲಿ ತಂತಿ ಎಳೆಯುವ ಮನಸ್ಸಿದ್ದವರು ಒಡೆಯರನ್ನು ಈಗಲೇ ಕೇಳಿಟ್ಟುಕೊಳ್ಳಲಿ. ಹಿಂಗಾರಿ ಜೋಳ ಎದೆಮಟ್ಟ ಬಂದ ಮೇಲೆ ಒಳಗೆ ಬಿಡುವವರು ಕಡಿಮೆ.