ಎರಡನೇ ಸಾಲಿನ ಹೆಸರು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಆಗಸ್ಟ್ ಎಂದರೆ ಆಟವಿಲ್ಲದ, ಬರೀ ಮಾತಿನ ತಿಂಗಳು. ತಂಡಗಳು ಬಿಸಿಲಲ್ಲಿ ಅಭ್ಯಾಸ ಮಾಡುತ್ತಿರುತ್ತವೆ, ಮೊದಲ ಪಂದ್ಯಕ್ಕೆ ಇನ್ನೂ ಕೆಲವು ವಾರಗಳಿರುತ್ತವೆ. ಈ ಬಿಡುವಿನಲ್ಲಿ ಅಭಿಮಾನಿಗಳು ಕೈಗೆತ್ತಿಕೊಳ್ಳುವುದು ಡೆಪ್ತ್ ಚಾರ್ಟ್ ಎಂಬ ಒಂದು ಪುಟದ ಪಟ್ಟಿಯನ್ನು. ದಾಳಿಗೆ ಹನ್ನೊಂದು ಸ್ಥಾನ, ರಕ್ಷಣೆಗೆ ಹನ್ನೊಂದು, ಕೊನೆಯಲ್ಲಿ ಚೆಂಡು ಒದೆಯುವವರು. ಪ್ರತಿ ಸ್ಥಾನದ ಕೆಳಗೆ ಎರಡೋ ಮೂರೋ ಹೆಸರು. ಮೇಲಿದ್ದವನು ಕಣಕ್ಕಿಳಿಯುತ್ತಾನೆ, ಕೆಳಗಿದ್ದವನು ಕಾಯುತ್ತಾನೆ. ಕೋಚ್‌ಗೆ ಗುಟ್ಟು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಎರಡು ಹೆಸರುಗಳ ನಡುವೆ 'ಆರ್' ಎಂಬ ಪುಟ್ಟ ಪದ ಬಂದು ಕೂರುತ್ತದೆ, ಅಂದರೆ ಇವನು ಅಥವಾ ಅವನು. ಆ ಎರಡಕ್ಷರದ ಮೇಲೇ ವಾರಗಟ್ಟಲೆ ವಾದ ನಡೆಯುವುದುಂಟು. ಇದೆಲ್ಲ ಕಾಲಹರಣ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಗೆಲುವು ಸೋಲು ಕಣ್ಣು ಕುಕ್ಕುವ ಮೊದಲೇ ತಂಡವನ್ನು ಭಾಗಭಾಗವಾಗಿ ಬಿಚ್ಚಿ ನೋಡುವ ಕೆಲಸ ವಿಮರ್ಶೆಯೇ. ಕೊರತೆ ಇರುವುದು ಓದುವ ಕ್ರಮದಲ್ಲಿ. ಅಭಿಮಾನಿಗಳು ಆ ಪಟ್ಟಿಯನ್ನು ಏಣಿಯಂತೆ ಓದುತ್ತಾರೆ, ಯಾರು ಯಾರಿಗಿಂತ ಮೇಲಿನ ಮೆಟ್ಟಿಲಲ್ಲಿದ್ದಾರೆ ಎಂದು. ಆಟ ಮಾತ್ರ ಬೇರೆಯದನ್ನೇ ಕೇಳುತ್ತದೆ: ಒಬ್ಬ ಬಿದ್ದರೆ ಅವನ ಕೆಲಸ ಯಾರ್ಯಾರ ಕೈಗೆ ಹೋಗುತ್ತದೆ?

ಈ ಪಟ್ಟಿಗೆ ಇಷ್ಟು ಮಹತ್ವ ಬಂದದ್ದು ನಿಯಮದಿಂದ. 1953ರಿಂದ 1965ರವರೆಗೆ, ಅಲ್ಲಲ್ಲಿ ಸಡಿಲಿಕೆ ಸಿಕ್ಕರೂ, ಕಾಲೇಜು ಆಟದಲ್ಲಿ ಬದಲಿ ಆಟಗಾರರಿಗೆ ಬಿಗಿ ಕಡಿವಾಣವಿತ್ತು; ದಾಳಿ ಮಾಡಿದವನೇ ರಕ್ಷಣೆಗೂ ನಿಲ್ಲಬೇಕಿತ್ತು. 1965ರಲ್ಲಿ ಆ ಕಡಿವಾಣ ಪೂರ್ತಿ ಕಳಚಿತು. ಅಂದಿನಿಂದ ಒಂದು ತಂಡವೆಂದರೆ ಹನ್ನೊಂದು ಜನರಲ್ಲ, ದೊಡ್ಡದೊಂದು ಕಾರ್ಖಾನೆ. ಕ್ರಿಕೆಟ್ಟಿನ ಹನ್ನೆರಡನೇ ಆಟಗಾರ ಸಾಮಾನ್ಯವಾಗಿ ಫೀಲ್ಡಿಂಗ್‌ಗಷ್ಟೇ ಸೀಮಿತ. ಇಲ್ಲಿ ನಲವತ್ತನೆಯವನೂ ಪ್ರತಿ ಚೆಂಡಿಗೂ ಒಳಗೆ ಬಂದು ಹೊರಗೆ ಹೋಗಬಹುದು. ಕೆಲಸ ಒಡೆದು ಒಡೆದು ಸಣ್ಣದಾದಂತೆ, ಪ್ರತಿ ಸಣ್ಣ ಕೆಲಸಕ್ಕೂ ಒಬ್ಬ ಪರಿಣತ ಹುಟ್ಟಿಕೊಂಡ. ಪಟ್ಟಿಯ ಆಕಾರ ಮಾತ್ರ ಹಳೆಯ ಕಾಲದ್ದೇ ಉಳಿಯಿತು, ಕಂಬದಂತೆ ಮೇಲಿನಿಂದ ಕೆಳಕ್ಕೆ. ಕಣ್ಣು ಮೊದಲು ಮೋಸ ಹೋಗುವುದೇ ಅಲ್ಲಿ.

2012ರ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡವನ್ನು ನೋಡಿ. ಆ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಮತಗಣನೆ ಅದನ್ನು ದೇಶದ ಒಂದನೇ ತಂಡವೆಂದು ಸಾರಿತ್ತು. ಕಾರಣವೂ ಇತ್ತು. ದಾಳಿ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಬಾರ್ಕ್ಲಿ ವೃತ್ತಿಪರ ಆಟಕ್ಕೆ ಜಿಗಿಯದೆ ನಾಲ್ಕನೇ ವರ್ಷಕ್ಕೂ ಉಳಿದುಕೊಂಡಿದ್ದ. ಚೆಂಡು ಹಿಡಿಯಲು ರಾಬರ್ಟ್ ವುಡ್ಸ್ ಮತ್ತು ಮಾರ್ಕೀಸ್ ಲೀ. ಓಡಲು ಪೆನ್ ಸ್ಟೇಟ್‌ನಿಂದ ಬಂದ ಸೈಲಸ್ ರೆಡ್. ಮೇಲಿನ ಸಾಲು ಝಗಮಗ. ಆದರೆ ಹಳೆಯ ನಿಯಮಭಂಗದ ಶಿಕ್ಷೆಯಾಗಿ ಬೇರೆಯವರಿಗೆ 85 ವಿದ್ಯಾರ್ಥಿವೇತನಗಳಿದ್ದಾಗ ಇವರಿಗೆ ಸಿಕ್ಕದ್ದು 75. ಈ ಅಂಕಿ ಗುಟ್ಟೇನಾಗಿರಲಿಲ್ಲ, ಎಲ್ಲರೂ ಬಲ್ಲದ್ದು. ಹತ್ತು ಕಡಿಮೆ ಎಂದರೆ ಮೇಲಿನ ಸಾಲಿನಲ್ಲಿ ಹತ್ತು ಕಡಿಮೆಯಲ್ಲ. ಅಷ್ಟೂ ಎರಡನೇ, ಮೂರನೇ ಸಾಲಿನಿಂದಲೇ ಹೋಗುತ್ತವೆ. ಸೆಪ್ಟೆಂಬರ್ 15ರಂದು ಸ್ಟ್ಯಾನ್‌ಫರ್ಡ್ ವಿರುದ್ಧ ಸೆಂಟರ್ ಸ್ಥಾನದ ಖಲೀದ್ ಹೋಮ್ಸ್ ಗಾಯದ ಕಾರಣ ಹೊರಗುಳಿದ. ಸೆಂಟರ್ ಏನು ಮಾಡುತ್ತಾನೆ? ಬಗ್ಗಿ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುವುದಷ್ಟೇ ಕಣ್ಣಿಗೆ ಕಾಣುತ್ತದೆ. ಅದಕ್ಕೂ ಮೊದಲಿನ ಕೆಲವು ಸೆಕೆಂಡುಗಳಲ್ಲಿ ಎದುರಾಳಿಗಳು ಎಲ್ಲಿ ನಿಂತಿದ್ದಾರೆಂದು ನೋಡಿ, ಯಾವ ಗಾರ್ಡ್ ಯಾರನ್ನು ತಡೆಯಬೇಕೆಂದು ಬೆರಳು ತೋರಿಸಿ ಕೂಗಿ ಹೇಳುವವನೂ ಅವನೇ. ಅಂದು ಆ ಜಾಗಕ್ಕೆ ಬಂದವನು ಅನುಭವವಿಲ್ಲದ ಒಬ್ಬ ರೆಡ್‌ಶರ್ಟ್ ಹುಡುಗ, ಅಂದರೆ ಮೊದಲ ವರ್ಷವನ್ನು ಆಡದೆ ಕಳೆದವನು. ಬಾರ್ಕ್ಲಿಯನ್ನು ನಾಲ್ಕು ಸಲ ನೆಲಕ್ಕೆ ಕೆಡವಲಾಯಿತು, ಅವನ ಎರಡು ಎಸೆತಗಳು ಎದುರಾಳಿಯ ಕೈ ಸೇರಿದವು, ಸ್ಟ್ಯಾನ್‌ಫರ್ಡ್ 21-14ರಿಂದ ಗೆದ್ದಿತು. ಒಂದನೇ ಸ್ಥಾನದಿಂದ ಹೊರಟ ತಂಡ ಋತು ಮುಗಿದಾಗ 7-6, ಮೊದಲ ಇಪ್ಪತ್ತೈದರೊಳಗೂ ಇರಲಿಲ್ಲ. ಬಾರ್ಕ್ಲಿಗೆ ವರ್ಷದ ಶ್ರೇಷ್ಠ ಆಟಗಾರನ ಹೈಸ್ಮನ್ ಪ್ರಶಸ್ತಿ ಸಿಗುತ್ತದೆಯೋ ಇಲ್ಲವೋ ಎಂದು ಬೇಸಿಗೆಯಿಡೀ ಮಾತಾಡಿದವರು ಅವನ ಮುಂದೆ ಬಗ್ಗಿ ನಿಲ್ಲುವವನ ಹಿಂದೆ ಯಾರಿದ್ದಾರೆಂದು ಕೇಳಿದ್ದು ತೀರ ಕಡಿಮೆ.

ಇದಕ್ಕೆ ಪೂರ್ತಿ ತಿರುಗುಮುರುಗಾದ ಕಥೆ 2014ರ ಒಹಾಯೊ ಸ್ಟೇಟ್ ತಂಡದ್ದು. ಆಗಸ್ಟ್ ಮಧ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್‌ನ ಭುಜಕ್ಕೆ ಪೆಟ್ಟಾಗಿ ಇಡೀ ಋತು ಅವನ ಕೈತಪ್ಪಿತು. ಏಣಿಯ ಲೆಕ್ಕದಲ್ಲಿ ತಂಡ ಅಲ್ಲಿಗೆ ಮುಗಿದಂತೆ. ಅವನ ಜಾಗಕ್ಕೆ ಬಂದ ಜೆ. ಟಿ. ಬ್ಯಾರೆಟ್ ಎರಡನೇ ಪಂದ್ಯದಲ್ಲೇ ವರ್ಜೀನಿಯ ಟೆಕ್ ಎದುರು ಏಳು ಸಲ ನೆಲಕಚ್ಚಿ 35-21ರಿಂದ ಸೋತಾಗ ಆ ಲೆಕ್ಕ ಸರಿಯೆಂದೇ ಕಂಡಿತ್ತು. ನವೆಂಬರ್ ಕೊನೆಯಲ್ಲಿ ಮಿಷಿಗನ್ ಎದುರು ಬ್ಯಾರೆಟ್‌ನ ಕಣಕಾಲು ಮುರಿಯಿತು. ಮೂರನೆಯವನಾದ ಕಾರ್ಡೇಲ್ ಜೋನ್ಸ್ ತನ್ನ ಜೀವನದ ಮೊದಲ ಆರಂಭಿಕ ಪಂದ್ಯವನ್ನು ಬಿಗ್ ಟೆನ್ ಲೀಗ್‌ನ ಫೈನಲ್‌ನಲ್ಲಿ ಆಡಿ ವಿಸ್ಕಾನ್ಸಿನ್ ತಂಡವನ್ನು 59-0ರಿಂದ ಒರೆಸಿಹಾಕಿದ. ಮುಂದೆ ಅಲಬಾಮಾ 42-35, ಒರೆಗಾನ್ 42-20, ರಾಷ್ಟ್ರೀಯ ಕಿರೀಟ. ಈ ಕಥೆಯನ್ನು ಅಭಿಮಾನಿಗಳು ಪವಾಡದಂತೆ ಹೇಳುತ್ತಾರೆ. ನನಗೆ ಇದರಲ್ಲಿ ಪವಾಡಕ್ಕಿಂತ ಹೆಚ್ಚಾಗಿ ಕೆಲಸಗಳ ಮರುಹಂಚಿಕೆ ಕಾಣುತ್ತದೆ. ಜೋನ್ಸ್‌ಗೆ ಬ್ಯಾರೆಟ್‌ನ ಪಾತ್ರ ವಹಿಸಿಕೊಡಲಿಲ್ಲ. ಅವನ ತೋಳಿನ ಬಲಕ್ಕೆ ತಕ್ಕಂತೆ ಉದ್ದ ಎಸೆತಗಳು ಮುಂದೆ ಬಂದವು. ವಿಸ್ಕಾನ್ಸಿನ್ ಎದುರು ಅವನ ಮೂರೂ ಟಚ್‌ಡೌನ್ ಎಸೆತಗಳನ್ನು ಹಿಡಿದವನು ದೂರ ಓಡಿ ಚೆಂಡು ಹಿಡಿಯುವುದರಲ್ಲಿ ನಿಪುಣನಾದ ಡೆವಿನ್ ಸ್ಮಿತ್. ಉಳಿದ ಭಾರ ಈಝೀಕಿಯಲ್ ಎಲಿಯಟ್‌ನ ಕಾಲುಗಳ ಮೇಲೆ ಬಿತ್ತು: ಆ ಮೂರು ಪಂದ್ಯಗಳಲ್ಲಿ 220, 230, 246 ಯಾರ್ಡ್.

ಅಷ್ಟು ಯಾರ್ಡ್ ಓಡಲು ದಾರಿ ತೆರೆದವರು ಯಾರು? ಹಿಂದಿನ ವರ್ಷದ ಐವರ ಮುಂಗೋಡೆಯಲ್ಲಿ ನಾಲ್ವರು ಹೊರಟುಹೋಗಿದ್ದರು. ಉಳಿದ ಟೇಲರ್ ಡೆಕರ್ ಬಲಗಡೆಯಿಂದ ಎಡಗಡೆಗೆ ಸರಿದ. ಎಡ ಗಾರ್ಡ್ ಬಿಲ್ಲಿ ಪ್ರೈಸ್ ಕಾಲೇಜಿಗೆ ಬಂದದ್ದು ರಕ್ಷಣೆಯ ಆಟಗಾರನಾಗಿ. ಬಲ ಟ್ಯಾಕಲ್ ಡ್ಯಾರಿಲ್ ಬಾಲ್ಡ್‌ವಿನ್ ಕೂಡ ಅದೇ ಕಡೆಯಿಂದ ದಾಟಿಬಂದವನು. ಸೆಪ್ಟೆಂಬರ್‌ನಲ್ಲಿ ಏಳು ಸಲ ಒಡೆದ ಗೋಡೆ ಡಿಸೆಂಬರ್ ಹೊತ್ತಿಗೆ ಎದುರಾಳಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಋತುವಿನ ನಿಜವಾದ ಪ್ರಶ್ನೆ ಈ ಐವರದಾಗಿತ್ತು. ಆದರೆ ಗೋಡೆಯ ಕೆಲಸವನ್ನು ಒಬ್ಬೊಬ್ಬರ ಹೆಸರಿನಲ್ಲಿ ಅಳೆಯಲಾಗದು, ಪಟ್ಟಿಯಲ್ಲಿ ಒಬ್ಬ ಅಡ್ಡಕ್ಕೆ ಸರಿದದ್ದನ್ನು ತೋರಿಸಲು ಬಾಣದ ಗುರುತೂ ಇರುವುದಿಲ್ಲ.

ಇನ್ನು ಕೆಲವು ಕಡೆ ಪಟ್ಟಿಯ ಏಣಿಗೆ ಅರ್ಥವೇ ಇಲ್ಲ. 2021ರ ಜಾರ್ಜಿಯ ತಂಡದ ರಕ್ಷಣೆಯಿಂದ ಐವರು ಮರುವರ್ಷದ ವೃತ್ತಿಪರ ಆಯ್ಕೆಯ ಮೊದಲ ಸುತ್ತಿನಲ್ಲೇ ಹೋದರು. ಆ ಮುಂದಿನ ಸಾಲಿನಲ್ಲಿ ಹೆಚ್ಚಾಗಿ ಬದಲಿಯಾಗಿ ಬರುತ್ತಿದ್ದ ಜೇಲನ್ ಕಾರ್ಟರ್, ಅಲಬಾಮಾ ಎದುರಿನ ಫೈನಲ್‌ನಲ್ಲಿ ಎದುರಾಳಿಯ ಫೀಲ್ಡ್ ಗೋಲ್ ಒದೆತಕ್ಕೆ ಕೈ ಅಡ್ಡ ಹಿಡಿದು ತಡೆದ. 2023ರಲ್ಲಿ ಒಂಬತ್ತನೆಯವನಾಗಿ ಆಯ್ಕೆಯಾದ. ಭಾರೀ ದೇಹದವರು ನಾಲ್ಕು ಚೆಂಡಿಗೆ ಏದುಸಿರು ಬಿಡುವ ಜಾಗ ಅದು. ಅಲ್ಲಿ 'ಎರಡನೆಯವನು' ಎಂದರೆ ಪಾಳಿ ಬದಲಿಸುವವನು, ಕೀಳಾದವನಲ್ಲ. ಹಾಗೆಯೇ ಈಚಿನ ದಾಳಿಗಳು ಮೂವರು ನಾಲ್ವರು ರಿಸೀವರ್‌ಗಳನ್ನು ಹರಡಿ ನಿಲ್ಲಿಸುವುದರಿಂದ, ಬಹಳ ಕಾಲ ಹೆಚ್ಚುವರಿ ಎಂದೇ ಕರೆಸಿಕೊಂಡ ನಿಕಲ್ ಬ್ಯಾಕ್ ಎಂಬ ಐದನೇ ಹಿಂಬದಿ ರಕ್ಷಕ ಎಷ್ಟೋ ತಂಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಮೈದಾನದಲ್ಲಿರುತ್ತಾನೆ. ಅವನನ್ನು ಇನ್ನೂ ಅಂಚಿನಲ್ಲಿ ಕೂರಿಸುವ ಓದು ಹಳತಾಗಿದೆ, ಅಷ್ಟೆ.

ಈ ವಾದಕ್ಕೆ ಗಟ್ಟಿಯಾದ ಒಂದು ಆಕ್ಷೇಪ ಇದೆ: ಕ್ವಾರ್ಟರ್‌ಬ್ಯಾಕ್ ಹಾಗಲ್ಲವಲ್ಲ, ಅಲ್ಲಿ ಮೇಲಿನ ಹೆಸರೇ ಎಲ್ಲ. 2023ರ ಫ್ಲಾರಿಡ ಸ್ಟೇಟ್ ಈ ಆಕ್ಷೇಪದ ಬಲವಾದ ಸಾಕ್ಷಿ. ನವೆಂಬರ್‌ನಲ್ಲಿ ಜೋರ್ಡನ್ ಟ್ರಾವಿಸ್‌ನ ಕಾಲು ಮುರಿಯಿತು. ಎರಡನೆಯವನ ತಲೆಗೆ ಪೆಟ್ಟಾಯಿತು. ಲೀಗ್ ಫೈನಲ್‌ಗೆ ಮೊದಲ ವರ್ಷದ ಬ್ರಾಕ್ ಗ್ಲೆನ್ ಇಳಿದು 21 ಎಸೆತಗಳಲ್ಲಿ ಎಂಟನ್ನಷ್ಟೇ ಗುರಿ ಮುಟ್ಟಿಸಿದ, ಗಳಿಸಿದ್ದು 55 ಯಾರ್ಡ್. ಆದರೂ ತಂಡ 16-6ರಿಂದ ಗೆದ್ದು 13-0 ಆಯಿತು. ಡಿಸೆಂಬರ್ 3ರಂದು ನಾಲ್ಕು ತಂಡಗಳ ಪ್ಲೇಆಫ್‌ನ ಆಯ್ಕೆ ಸಮಿತಿ ಅವರನ್ನು ಐದನೆಯವರೆಂದು ಹೊರಗಿಟ್ಟು ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಒಳಗೆ ಕರೆಯಿತು. ಟ್ರಾವಿಸ್ ಇಲ್ಲದ ತಂಡ ಬೇರೆಯೇ ತಂಡ ಎಂಬುದು ಅದರ ಸಮರ್ಥನೆ. ಒಂಬತ್ತು ವರ್ಷಗಳ ಹಿಂದೆ ಇಂಥದೇ ಒಬ್ಬ ಮೂರನೇ ಕ್ವಾರ್ಟರ್‌ಬ್ಯಾಕ್‌ನ ಗೆಲುವು ಒಹಾಯೊ ಸ್ಟೇಟನ್ನು ಐದರಿಂದ ನಾಲ್ಕಕ್ಕೆ ಏರಿಸಿತ್ತು. ಇದನ್ನು ಬರೀ ಇಬ್ಬಂದಿತನ ಎಂದು ಬಯ್ಯುವುದು ಸುಲಭ, ಫ್ಲಾರಿಡದವರು ಧಾರಾಳವಾಗಿ ಬೈದರು. ಆದರೆ ಎರಡು ತಂಡಗಳ ವ್ಯತ್ಯಾಸ ನಿಜವೂ ಹೌದು. ಒಂದು ತಂಡ ಬದಲಿಯವನ ಬಲದ ಸುತ್ತ ತನ್ನ ಆಟವನ್ನೇ ಹೊಸದಾಗಿ ಕಟ್ಟಿತು. ಇನ್ನೊಂದು ಅವನಿಂದ ತಪ್ಪಾಗದಿದ್ದರೆ ಸಾಕೆಂದು ಆಟವನ್ನು ಕುಗ್ಗಿಸಿ, ಎದುರಾಳಿಗೆ ಒಂದೂ ಟಚ್‌ಡೌನ್ ಕೊಡದ ರಕ್ಷಣೆಯ ಹೆಗಲೇರಿ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಎಲ್ಲರಿಗಿಂತ ಹೆಚ್ಚು ಎಂಬುದನ್ನು ಒಪ್ಪೋಣ. ಎರಡನೆಯವನು ಮೊದಲನೆಯವನಿಗೆ ಎಷ್ಟು ಹತ್ತಿರ ಎಂಬುದಕ್ಕಿಂತ, ಅವನಿಗಾಗಿ ತಂಡ ಎಷ್ಟು ಬಾಗಬಲ್ಲದು ಎಂದು ಕೇಳುವುದು ಅಲ್ಲೂ ಹೆಚ್ಚು ಬೆಳಕು ಚೆಲ್ಲುತ್ತದೆ.

ಕೋಚ್‌ಗಳು ಬಾಯಿ ಬಿಡುವುದಿಲ್ಲ, ಅಭಿಮಾನಿಗಳು ಇನ್ನೇನು ಮಾಡಬೇಕು ಎನ್ನುವುದು ಇನ್ನೊಂದು ಮಾತು. ಅಭ್ಯಾಸದ ಗೇಟು ಮುಚ್ಚಿರುತ್ತದೆ, ಪಟ್ಟಿಯನ್ನೇ ಪ್ರಕಟಿಸದ ಕೋಚ್‌ಗಳಿದ್ದಾರೆ, ಎಲ್ಲ ನಿಜ. ಆದರೆ ಗುಟ್ಟಾಗಿ ಉಳಿಯುವುದು ಬಹುಪಾಲು ಶ್ರೇಣಿ, ಪಾತ್ರವಲ್ಲ. ಯಾರ ತೂಕ ಎಷ್ಟು, ಕಳೆದ ವರ್ಷ ಯಾರು ಎಷ್ಟು ಪಂದ್ಯ ಆಡಿದರು, ಯಾರು ಬಲಗಡೆ ನಿಂತವರು, ಯಾರು ಬೇರೆ ಸ್ಥಾನದಿಂದ ಬಂದವರು ಎಂಬುದೆಲ್ಲ ಬಯಲಲ್ಲೇ ಇದೆ. ಎರಡು ಹೆಸರಿನ ನಡುವಿನ 'ಆರ್' ಬಿಡಿಸಲು ಹೊರಟವರು ಆ ಕಡೆ ಕಣ್ಣು ಹಾಯಿಸುವುದೇ ಅಪರೂಪ.

ಮನರಂಜನೆಗೆ ಇಷ್ಟೊಂದು ಲೆಕ್ಕಾಚಾರ ಯಾಕೆ ಎಂದು ಕೇಳುವವರಿಗೆ ಉತ್ತರ ಕಳೆದ ಕೆಲವು ವರ್ಷಗಳೇ ಕೊಟ್ಟಿವೆ. 2018ರ ಕ್ಲೆಮ್ಸನ್ ತಂಡದಲ್ಲಿ ನಾಲ್ಕು ಪಂದ್ಯ ಆರಂಭಿಸಿದ ಕೆಲ್ಲಿ ಬ್ರೈಂಟ್, ಸ್ಥಾನ ಟ್ರೆವರ್ ಲಾರೆನ್ಸ್‌ಗೆ ಹೋದ ತಕ್ಷಣ ತಂಡ ಬಿಟ್ಟ. ನಾಲ್ಕಕ್ಕಿಂತ ಹೆಚ್ಚು ಆಡದಿದ್ದರೆ ಆ ವರ್ಷ ಲೆಕ್ಕಕ್ಕೆ ಸೇರುವುದಿಲ್ಲ ಎಂಬ ನಿಯಮ ಅದೇ ವರ್ಷ ಜಾರಿಗೆ ಬಂದಿತ್ತು. ಅಕ್ಟೋಬರ್‌ನಲ್ಲಿ, ತಂಡ ಬದಲಿಸಬಯಸುವವರ ಹೆಸರು ದಾಖಲಾಗುವ ಟ್ರಾನ್ಸ್‌ಫರ್ ಪೋರ್ಟಲ್ ಕೂಡ ತೆರೆಯಿತು. 2021ರಲ್ಲಿ ಒಂದು ಸಲ ತಂಡ ಬದಲಿಸಿದರೆ ವರ್ಷ ಕಾಯಬೇಕಿಲ್ಲವೆಂದಾಯಿತು, ಹೆಸರು ಚಿತ್ರಗಳಿಂದ ದುಡಿಯಲು ಇದ್ದ ಅಡ್ಡಿಯೂ ತೊಲಗಿತು. ಆ ದುಡ್ಡಿನಲ್ಲಿ ಅಭಿಮಾನಿಗಳ ದೇಣಿಗೆಯೂ ಸೇರಿದೆ. ಹೀಗಿರುವಾಗ ಎರಡನೇ ಸಾಲಿನ ಹುಡುಗನನ್ನು 'ನಮ್ಮ ಇನ್ಶೂರೆನ್ಸ್' ಎಂದು ಕರೆಯುವ ರೂಢಿ ನನಗೆ ಕಸಿವಿಸಿ ತರುತ್ತದೆ. ಪಾಲಿಸಿ ಕಪಾಟಿನಲ್ಲಿ ಸುಮ್ಮನೆ ಕೂತಿರುತ್ತದೆ. ಹತ್ತೊಂಬತ್ತರ ಹುಡುಗ ಕೂರುವುದಿಲ್ಲ. ತನಗೊಂದು ಕೆಲಸವಿದೆ ಎನಿಸಿದರೆ ಉಳಿಯುತ್ತಾನೆ, ಬರೀ ಕಾಯುವ ಸರದಿ ಎನಿಸಿದರೆ ಹೊರಡುತ್ತಾನೆ. ಪ್ಲೇಆಫ್ ತಪ್ಪಿದ ಫ್ಲಾರಿಡ ಸ್ಟೇಟ್‌ನಿಂದ ಆಟಗಾರರು ಗುಂಪುಗುಂಪಾಗಿ ಹಿಂದೆ ಸರಿದ ಮೇಲೆ ಅದೇ ಅಜೇಯ ತಂಡ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯ ಎದುರು 63-3ರಿಂದ ಸೋತಿತು. ಆಗಸ್ಟ್‌ನಲ್ಲಿ ಎಣಿಸಿದ ಆಳ ಡಿಸೆಂಬರ್ ಕೊನೆಗೆ ಆವಿಯಾಗಿತ್ತು.

2025ರಿಂದ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡಕ್ಕೆ 105 ಜನರ ಮಿತಿ ಬಂದಿದೆ. ಕತ್ತರಿ ಮೊದಲು ಬೀಳುವುದು ವಾಕ್-ಆನ್‌ಗಳ ಮೇಲೆ, ಅಂದರೆ ವಿದ್ಯಾರ್ಥಿವೇತನವಿಲ್ಲದೆ ಬಂದು ಸೇರಿಕೊಂಡವರ ಮೇಲೆ. ಜಾರ್ಜಿಯಕ್ಕೆ ಸತತ ಎರಡು ಕಿರೀಟ ತಂದ ಸ್ಟೆಟ್ಸನ್ ಬೆನೆಟ್ 2017ರಲ್ಲಿ ಹಾಗೆ ಬಂದವನೇ. ಇಂಥವರಲ್ಲಿ ಹಲವರು ಪಟ್ಟಿಯ ತಳದ ಸಾಲುಗಳಲ್ಲಿರುತ್ತಾರೆ: ಒದೆಯುವವನಿಗೆ ಚೆಂಡು ಕಳಿಸುವವನು, ಚೆಂಡನ್ನು ನೆಲಕ್ಕೊತ್ತಿ ಹಿಡಿಯುವವನು, ಪಂಟ್, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಒದೆತ, ತಡೆಯಲು ನುಗ್ಗುವವರು. ಆಗಸ್ಟ್ ಚರ್ಚೆ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. 2015ರ ಅಕ್ಟೋಬರ್ 17ರಂದು ಆನ್ ಆರ್ಬರ್‌ನಲ್ಲಿ ಲಕ್ಷಕ್ಕೂ ಮಿಕ್ಕ ಜನರೆದುರು ಮಿಷಿಗನ್ 23-21ರಿಂದ ಮುಂದಿತ್ತು, ಉಳಿದದ್ದು ಹತ್ತು ಸೆಕೆಂಡು, ಮಾಡಬೇಕಿದ್ದದ್ದು ಒಂದು ಪಂಟ್. ತಗ್ಗಾಗಿ ಬಂದ ಚೆಂಡು ಒದೆಯುವವನ ಕೈಜಾರಿತು, ಎತ್ತಿಕೊಳ್ಳುವಷ್ಟರಲ್ಲಿ ಎದುರಾಳಿಗಳು ಮೈಮೇಲೆ ಬಿದ್ದರು, ಚೆಂಡು ಚಿಮ್ಮಿ ಮಿಷಿಗನ್ ಸ್ಟೇಟ್‌ನ ಜೇಲನ್ ವಾಟ್ಸ್-ಜಾಕ್ಸನ್ ಎಂಬ ರೆಡ್‌ಶರ್ಟ್ ಹುಡುಗನ ಕೈಗೆ ಬಂತು. 38 ಯಾರ್ಡ್ ಓಡಿ ಅವನು ಗೆರೆ ದಾಟುವಾಗ ಗಡಿಯಾರದಲ್ಲಿ ಸಮಯವಿರಲಿಲ್ಲ, 27-23. ಅದೇ ಓಟದ ತುದಿಯಲ್ಲಿ ಅವನ ಸೊಂಟದ ಕೀಲು ಜಾರಿ ಮುರಿದಿತ್ತು. ಅವನನ್ನು ಆಸ್ಪತ್ರೆಗೆ ಸಾಗಿಸಿದರು, ಆ ಋತುವಿನಲ್ಲಿ ಅವನು ಮತ್ತೆ ಆಡಲಿಲ್ಲ. ಮರುದಿನ ಯಾರೋ ಕೂತು ಪಟ್ಟಿಯ ಆ ಸಾಲಿಗೆ ಇನ್ನೊಂದು ಹೆಸರು ಹುಡುಕಬೇಕಾಯಿತು.