ಗೋವಿನ ಹಾಡಿನ ಹುಲಿ

ನಂತೂರಿನ ಮನೆಗಳಲ್ಲಿಯೂ ಶಿಶುಗಳಿಗೆ ಗೋವಿನ ಹಾಡನ್ನು ಕಲಿಸುವಾಗ ಪುಣ್ಯಕೋಟಿಯ ಸತ್ಯವನ್ನು ಕೊಂಡಾಡುವೆವು. ಹುಲಿಯು ಪ್ರಾಣ ಬಿಟ್ಟುದನ್ನು ಪಾಪಕ್ಕೆ ತಕ್ಕ ಪ್ರಾಯಶ್ಚಿತ್ತವೆಂದು ಹೇಳಿ ಮುಗಿಸುವೆವು. ಈ ಅರ್ಥವು ವಿಚಾರಾರ್ಹವಾದುದು.

ಅಂತರ್ಮನಸ್ಸನ್ನು ಶೋಧಿಸಿದ ಫ್ರಾಯ್ಡ್ ಪಂಡಿತನು, ಶೋಕ-ವಿಷಾದಗಳನ್ನು ಕುರಿತು 1917ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪರರ ಮೇಲಣ ಹಿಂಸಾಭಾವವು ತಿರುಗಿ ತನ್ನ ಮೇಲೆಯೇ ಬೀಳದೆ ಪ್ರಾಣತ್ಯಾಗದ ಯೋಚನೆಯು ಹುಟ್ಟದೆಂದು ವಿವರಿಸಿದನು. ಹುಲಿಯ ಸ್ಥಿತಿಯೂ ಇಂಥದೇ. ಹಸುವಿನ ಮೇಲೆ ಎರಗಬೇಕಾಗಿದ್ದ ಕ್ರೌರ್ಯವು, ಅದನ್ನು ಒಡಹುಟ್ಟಿದವಳೆಂದು ಕಂಡ ಕ್ಷಣದಲ್ಲಿ ಶಮಿಸಲಿಲ್ಲ. ದಿಕ್ಕನ್ನು ಮಾತ್ರ ಬದಲಿಸಿತು. “ನಿನ್ನ ಹಸಿವೆಯು ಪಾಪವಲ್ಲ, ನನ್ನನ್ನು ನಂಬಿ ಕರುವಿನ ಬಳಿಗೆ ಕಳುಹಿದವನೂ ನೀನೇ” ಎಂಬ ಮಾತು ಪುಣ್ಯಕೋಟಿಯಿಂದ ಬರಲಿಲ್ಲ.

ಈಶಾವಾಸ್ಯದ ‘ಆತ್ಮಹನ’ ಶಬ್ದವನ್ನು ಹಿಡಿದು ಇಂಥವರನ್ನು ನಿಂದಿಸುವುದುಂಟು. ಶಂಕರರಾದರೋ ಆತ್ಮಸ್ವರೂಪವನ್ನು ಅರಿಯದ ಅಜ್ಞರೇ ಆತ್ಮಹನರೆಂದು ಭಾಷ್ಯವನ್ನು ಬರೆದರು. ಆ ಲೆಕ್ಕದಲ್ಲಿ ನಿಂದಕರೂ ಹೊರತಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಪ್ರಾಣತ್ಯಾಗಕ್ಕೆ ಯತ್ನಿಸಿದವನು ತೀವ್ರ ಸಂಕಟದಲ್ಲಿದ್ದನೆಂದೇ ಭಾವಿಸಿ, ಆರೈಕೆಯ ಹೊಣೆಯನ್ನು ಸರಕಾರಕ್ಕೆ ಹೊರಿಸಿದೆ.

ಹಾಡನ್ನು ಬದಲಿಸಬೇಕಾಗಿಲ್ಲ. ಹುಲಿಗಾಗಿ ಮಗು ಅತ್ತರೆ, ಅದು ತಕ್ಕ ಶಾಸ್ತಿಯೆಂದು ಹೇಳದಿರೋಣ. ಹುಲಿಯೂ ಬದುಕಿ ಉಳಿಯಬೇಕಾಗಿತ್ತೆಂದು ಹೇಳೋಣ.